ಹಳೆಯ ದೂರದರ್ಶಕ: ಕೊಳ್ಳುವ ಮುನ್ನ, ಕೊಂಡ ಮೇಲೆ

ಸುವರ್ಣ ಮಹೋತ್ಸವದ ನೆನಪಿಗಾಗಿ ಶಾಲೆಗೆ ಒಂದು ದೂರದರ್ಶಕವನ್ನು ಕೊಡಬೇಕೆಂದು ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಕೆಲವರು ಅಪೇಕ್ಷಿಸಿರುವುದಾಗಿ ಸಂಚಿಕೆಯ ಸಂಪಾದಕರು ತಿಳಿಸಿ, ಆ ವಿಷಯವಾಗಿ ನಾಲ್ಕು ಮಾತು ಬರೆದುಕೊಡಿರೆಂದು ಕೇಳಿದರು. ಹೊಸತನ್ನೇ ಕೊಂಡು ಕೊಡುವ ಶಕ್ತಿಯುಳ್ಳವರು ನಮ್ಮಲ್ಲಿ ಇಂದು ಇಲ್ಲದಿಲ್ಲ. ಆದರೆ ನನ್ನ ಲೇಖನ ಹೆಚ್ಚಾಗಿ ಇನ್ನೊಂದು ವರ್ಗದ ಮಿತ್ರರನ್ನು ಉದ್ದೇಶಿಸಿದ್ದು. ಈ ಗಡಿನಾಡಿನ ಎಷ್ಟೋ ಮನೆಗಳ ಅಟ್ಟದಲ್ಲಿ, ಕಪಾಟಿನ ಮೇಲೆ, ಕೊಲ್ಲಿ ರಾಷ್ಟ್ರಗಳಿಂದಲೋ ಮುಂಬಯಿಯಿಂದಲೋ ಮಾವನೋ ಚಿಕ್ಕಪ್ಪನೋ ತಂದಿದ್ದ ದೂರದರ್ಶಕವೊಂದು ಬಟ್ಟೆ ಸುತ್ತಿಸಿಕೊಂಡು ಮಲಗಿರುತ್ತದೆ. ಮಂಗಳೂರಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಅಂತಹವು ಆಗಾಗ ಮಾರಾಟಕ್ಕೆ ಬರುತ್ತವೆ. ಅದನ್ನು ಹಣ ಕೊಟ್ಟು ಕೊಳ್ಳುವ ಮೊದಲು, ಅಥವಾ ಶಾಲೆಗೆ ದಾನ ಕೊಡುವ ಮೊದಲು, ಪರೀಕ್ಷಿಸುವ ಕ್ರಮವೇನು, ಮಕ್ಕಳ ಕೈಗೆ ಕೊಡುವ ಮುನ್ನ ಆ ಪೆಟ್ಟಿಗೆಯಿಂದ ಕಡ್ಡಾಯವಾಗಿ ತೆಗೆದುಹಾಕಬೇಕಾದ ವಸ್ತು ಯಾವುದು ಎಂಬುದನ್ನು ಹೇಳುವುದೇ ಇಲ್ಲಿನ ಉದ್ದೇಶ.

ಹಳೆಯದೆಂದ ಮಾತ್ರಕ್ಕೆ ಹಿಂಜರಿಯಬೇಕಾದುದಿಲ್ಲ. ಗಾಜಿಗೆ ಮುಪ್ಪಿಲ್ಲ. ಸರಿಯಾಗಿ ಸಾಣೆ ಹಿಡಿದ ಮಸೂರ ಒಡೆಯದೆ, ಬೂಷ್ಟು ಹಿಡಿಯದೆ ಉಳಿದರೆ ನೂರು ವರ್ಷಗಳ ಮೇಲೂ ಮೊದಲ ದಿನದಂತೆಯೇ ಕೆಲಸ ಮಾಡುತ್ತದೆ. ಪ್ಯಾರಿಸ್ಸಿನ ಲೆರೆಬೂರ್ ಮತ್ತು ಸೆಕ್ರೆತಾನ್ ಸಂಸ್ಥೆಯವರು ತಯಾರಿಸಿದ 6 ಅಂಗುಲದ ದೂರದರ್ಶಕವೊಂದು 1850ರಲ್ಲಿ ಮದರಾಸಿನ ವೀಕ್ಷಣಾಲಯಕ್ಕೆ ಬಂದಿತು. ಮುಂದೆ ಅದು ಕೊಡೈಕನಾಲಿಗೆ ಏರಿ, ಇಪ್ಪತ್ತನೆಯ ಶತಮಾನದಲ್ಲಿ ದಶಕಗಟ್ಟಲೆ ಸೂರ್ಯನ ದಿನನಿತ್ಯದ ಛಾಯಾಚಿತ್ರ ತೆಗೆಯಲು ಒದಗಿತು. ಮುಪ್ಪು ಬರುವುದು ಗಾಜಿನ ಸುತ್ತಲಿನ ವಸ್ತುಗಳಿಗೆ: ಜಿಡ್ಡು ಒಣಗುತ್ತದೆ, ತಿರುಪು ಸಡಿಲವಾಗುತ್ತದೆ, ಮರದ ಕಾಲು ಬಿರಿಯುತ್ತದೆ. ಇವೆಲ್ಲ ನಮ್ಮ ಊರಿನ ಬಡಗಿಯೂ ಸೈಕಲ್ ರಿಪೇರಿಯವನೂ ಸರಿಪಡಿಸಬಲ್ಲ ಸಂಗತಿಗಳು.

ಹಿತ್ತಾಳೆಯ ಹೊಳಪು

ಮೊದಲಿಗೆ, ಕೊಳ್ಳಬಾರದುದು ಯಾವುದೆಂದು ಹೇಳಿಬಿಡುತ್ತೇನೆ. ಅಂಗಡಿಗಳಲ್ಲಿ ಥಳಥಳಿಸುವ ಹಿತ್ತಾಳೆಯ, ಚರ್ಮ ಹೊದೆಸಿದ, ಒಂದರೊಳಗೊಂದು ಸೇರುವ ಕೊಳವೆಗಳ ದೂರದರ್ಶಕಗಳನ್ನು ಇಟ್ಟಿರುತ್ತಾರೆ. ಮೈಮೇಲೆ ‘ಡಾಲಂಡ್, ಲಂಡನ್’ ಎಂದೋ ‘ಆಟ್ವೇ’ ಎಂದೋ, ಜೊತೆಗೆ ಸುಮಾರು ನೂರು ವರ್ಷ ಹಿಂದಿನ ಒಂದು ಇಸವಿಯನ್ನೋ ಕೆತ್ತಿರುತ್ತದೆ. ಇವುಗಳಲ್ಲಿ ಬಹುಪಾಲು ಲಂಡನ್ನನ್ನು ಕಂಡವಲ್ಲ. ರೂರ್ಕಿಯಂತಹ ಊರುಗಳ ಕಾರ್ಖಾನೆಗಳಲ್ಲಿ ಅಲಂಕಾರಕ್ಕೆಂದು ತಯಾರಾದವು. ಗೋಡೆಯ ಗೂಡಿನಲ್ಲಿಡಲು ಚೆಂದ, ಆಕಾಶಕ್ಕೆ ಹಿಡಿದರೆ ನಿಷ್ಪ್ರಯೋಜಕ. ನಿಜವಾದ ಹಳೆಯ ಹಿತ್ತಾಳೆ ಅಷ್ಟು ಹೊಳೆಯುವುದಿಲ್ಲ. ಕೈ ತಗಲುವ ಕಡೆ ಮೆರುಗು ಸವೆದು, ತಗಲದ ಸಂದುಗಳಲ್ಲಿ ಉಳಿದಿರುತ್ತದೆ.

ಕೆತ್ತನೆಯನ್ನು ನಂಬದೆ ಗಾಜನ್ನೇ ಕೇಳಬೇಕು. ಒಂದೇ ಪೀನ ಮಸೂರದಿಂದ ಮಾಡಿದ ದೂರದರ್ಶಕದಲ್ಲಿ ಪ್ರತಿಯೊಂದು ವಸ್ತುವಿನ ಅಂಚಿನಲ್ಲಿಯೂ ಕಾಮನಬಿಲ್ಲಿನಂತೆ ಬಣ್ಣ ಮೂಡುತ್ತದೆ. ಗಾಜು ಕೆಂಪು ಬೆಳಕನ್ನು ಒಂದಷ್ಟು, ನೀಲಿ ಬೆಳಕನ್ನು ಇನ್ನಷ್ಟು ಬಾಗಿಸುವುದೇ ಇದಕ್ಕೆ ಕಾರಣ. ಎರಡು ಬಗೆಯ ಗಾಜುಗಳ ಮಸೂರಗಳನ್ನು, ಅಂದರೆ ಕ್ರೌನ್ ಗಾಜಿನ ಪೀನ ಮಸೂರವನ್ನೂ ಫ್ಲಿಂಟ್ ಗಾಜಿನ ನಿಮ್ನ ಮಸೂರವನ್ನೂ ಜೋಡಿಸಿದರೆ, ಒಂದರ ದೋಷವನ್ನು ಇನ್ನೊಂದು ಬಹುಮಟ್ಟಿಗೆ ಕಳೆಯುತ್ತದೆ. ಚೆಸ್ಟರ್ ಮೂರ್ ಹಾಲ್ ಎಂಬ ಇಂಗ್ಲಿಷ್ ವಕೀಲ 1730ರ ದಶಕದಲ್ಲಿ ಇದನ್ನು ಮಾಡಿಸಿದ್ದ. 1758ರಲ್ಲಿ ಇದರ ಪೇಟೆಂಟನ್ನು ಪಡೆದು ಲೋಕಪ್ರಸಿದ್ಧನಾದವನು ಜಾನ್ ಡಾಲಂಡ್. ಹಾಗಾಗಿ ಕೊಳ್ಳುವವನು ಮಾಡಬೇಕಾದ ಮೊದಲ ಪರೀಕ್ಷೆ ಇದು: ಟಾರ್ಚಿನ ಬೆಳಕನ್ನು ಮುಂದಿನ ಮಸೂರಕ್ಕೆ ಓರೆಯಾಗಿ ಹಿಡಿದು, ಗಾಜಿನಲ್ಲಿ ತೋರುವ ಬೆಳಕಿನ ಪ್ರತಿಬಿಂಬಗಳನ್ನು ಎಣಿಸುವುದು. ಎರಡೇ ಇದ್ದರೆ ಅದು ಒಂಟಿ ಮಸೂರ. ನಾಲ್ಕಿದ್ದರೆ ಎರಡು ಬಿಡಿ ಮಸೂರಗಳ ಜೋಡಿ. ಎರಡು ಸ್ಪಷ್ಟವಾಗಿ, ನಡುವೆ ಮೂರನೆಯದೊಂದು ಮಸುಕಾಗಿ ಕಂಡರೆ ಅಂಟಿಸಿದ ಜೋಡಿ. ಒಂಟಿ ಮಸೂರವಾದರೆ ನಮಸ್ಕಾರ ಹೇಳಿ ಹೊರಡಬಹುದು.

ಶಾಲೆಗೆ ತಕ್ಕ ಹಳೆಯ ಉಪಕರಣವೆಂದರೆ, ನನ್ನ ಅಭಿಪ್ರಾಯದಲ್ಲಿ, 1960 ಮತ್ತು 70ರ ದಶಕಗಳಲ್ಲಿ ಜಪಾನಿನಿಂದ ಲೋಕವೆಲ್ಲ ಹರಡಿದ 60 ಮಿಲಿಮೀಟರಿನ ದೂರದರ್ಶಕ. ಬಿಳಿಯ ಅಥವಾ ಬೂದುಬಣ್ಣದ ಉದ್ದನೆಯ ಲೋಹದ ಕೊಳವೆ, ಮರದ ಮುಕ್ಕಾಲಿ, ಮರದ ಪೆಟ್ಟಿಗೆ. ಮಾರಿದ ಕಂಪೆನಿಗಳ ಹೆಸರು ಹತ್ತಾರು. ತಯಾರಿಸಿದವರು ಮಾತ್ರ ಕೆಲವೇ ಮಂದಿ. ಕೊಳವೆಯ ಮೇಲೆ ಒಂದು ವೃತ್ತದೊಳಗೆ ಟಿ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ಟೋವಾ ಎಂಬ ತಯಾರಕರದು. ಆ ದೇಶದ ತಪಾಸಣಾ ಸಂಸ್ಥೆ ಅಂಟಿಸಿದ ಸಣ್ಣ ಚಿನ್ನದ ಬಣ್ಣದ ಅಂಡಾಕಾರದ ಚೀಟಿಯೂ ಕೆಲವುಗಳ ಮೇಲೆ ಉಳಿದಿರುತ್ತದೆ. ತಪಾಸಣೆಯಾಗಿ ಹೊರಬಿದ್ದ ಸರಕಾದುದರಿಂದ ಅವುಗಳ ಗಾಜು ಸಾಮಾನ್ಯವಾಗಿ ನಂಬಿಕೆಗೆ ಅರ್ಹ.

ಮಂಗಳೂರಿನ ಮನೆಯಲ್ಲಿ

ನಾನು ಕೊಂಡದ್ದು ಅಂತಹದೇ ಒಂದನ್ನು, 2018ರ ಅಕ್ಟೋಬರ್ ತಿಂಗಳಲ್ಲಿ. ಹಡಗಿನ ಕೆಲಸದಲ್ಲಿದ್ದು ತೀರಿಕೊಂಡ ಹಿರಿಯರೊಬ್ಬರ ಮನೆ ಖಾಲಿ ಮಾಡುತ್ತಿದ್ದಾರೆಂದು ಪರಿಚಿತರೊಬ್ಬರು ತಿಳಿಸಿದ್ದರು. ಕೊಳವೆಯ ಹಿಂಬದಿಯಲ್ಲಿ ‘ಡಿ = 60 ಮಿ.ಮೀ., ಎಫ್ = 910 ಮಿ.ಮೀ.’ ಎಂದು ಬರೆದಿತ್ತು. ಮೊದಲನೆಯದು ಮುಂದಿನ ಮಸೂರದ, ಅಂದರೆ ವಸ್ತುಮಸೂರದ ವ್ಯಾಸ. ಎರಡನೆಯದು ಅದರ ಸಂಗಮ ದೂರ. ಈ ಎರಡು ಸಂಖ್ಯೆಗಳನ್ನು ಬಲ್ಲವನಿಗೆ ಆ ದೂರದರ್ಶಕದ ಮುಕ್ಕಾಲು ಜಾತಕ ತಿಳಿದಂತೆಯೇ.

ಮನೆಯೊಡತಿಯ ಅಪ್ಪಣೆ ಪಡೆದು ಕಿಟಕಿ ಬಾಗಿಲು ಮುಚ್ಚಿಸಿದೆ. ನೇತ್ರಮಸೂರವನ್ನು ತೆಗೆದು ಆ ಕಡೆಯಿಂದ ಟಾರ್ಚು ಬಿಟ್ಟು, ಮುಂಬದಿಯಿಂದ ಗಾಜನ್ನು ನೋಡಿದೆ. ಇದು ಎರಡನೆಯ ಪರೀಕ್ಷೆ. ಹಗಲು ಬೆಳಕಿನಲ್ಲಿ ನಿರ್ಮಲವಾಗಿ ತೋರುವ ಮಸೂರ ಈ ಬೆಳಕಿನಲ್ಲಿ ತನ್ನ ಗುಟ್ಟನ್ನೆಲ್ಲ ಬಿಟ್ಟುಕೊಡುತ್ತದೆ. ಧೂಳು ಕಂಡರೆ ಚಿಂತೆಯಿಲ್ಲ. ನಾಲ್ಕಾರು ಗೀರುಗಳಿದ್ದರೂ ಚಿತ್ರ ಕೆಡುವುದಿಲ್ಲ. ಅಂಚಿನಲ್ಲಿ ಸಣ್ಣ ಚಕ್ಕೆ ಹಾರಿದ್ದರೆ ಅಲ್ಲಿಗೆ ಕಪ್ಪು ಮಸಿ ಬಳಿದರಾಯಿತು. ನಷ್ಟ ಆ ಚಕ್ಕೆಯಷ್ಟು ಬೆಳಕು ಮಾತ್ರ. ಆದರೆ ಜೇಡನ ಬಲೆಯಂತೆ ಕವಲೊಡೆದ ನವಿರಾದ ಎಳೆಗಳು ಕಂಡರೆ ಅದು ಬೂಷ್ಟು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಹಳೆಯ ಗಾಜಿಗೆ ಇದೇ ಪರಮ ಶತ್ರು. ಹೊರಮೈಯ ಬೂಷ್ಟನ್ನು ಬಲ್ಲವರು ತೊಳೆದು ತೆಗೆಯಬಹುದು. ಎರಡು ಮಸೂರಗಳ ನಡುವೆ ಇಳಿದು ಗಾಜಿನ ಮೈಯನ್ನೇ ಕೊರೆದಿದ್ದರೆ ಆ ಉಪಕರಣದ ಆಸೆಯನ್ನು ಬಿಡುವುದು ಲೇಸು. ನಾನು ನೋಡಿದ್ದರಲ್ಲಿ ಅಂಚಿನ ಒಂದು ಕಡೆ ಬೆರಳುಗುರಿನಷ್ಟು ಜಾಗದಲ್ಲಿ ಎಳೆಗಳಿದ್ದುವು, ಅದೂ ಹೊರಮೈಯಲ್ಲಿ.

ಬಳಿಕ ಹಲ್ಲುಪಟ್ಟಿಯ ಮೇಲೆ ಕೊಳವೆಯನ್ನು ಮುಂದೆ ಹಿಂದೆ ಸರಿಸುವ ಗುಬುಟನ್ನು ತಿರುಗಿಸಿದೆ; ಜಿಡ್ಡು ಅಂಟಾಗಿ ಗಟ್ಟಿಯಾಗಿತ್ತು. ಇದು ದೋಷವಲ್ಲ, ಸೀಮೆಎಣ್ಣೆಯಲ್ಲಿ ಒರಸಿ ಹೊಸ ಗ್ರೀಸು ಹಾಕಿದರೆ ಮುಗಿಯಿತು. ಹಲ್ಲು ಮುರಿದಿದ್ದರೆ ಮಾತ್ರ ಕಷ್ಟ. ಮುಕ್ಕಾಲಿಯನ್ನು ನಿಲ್ಲಿಸಿ, ಕಿಟಕಿ ತೆರೆಸಿ, ದೂರದ ಮನೆಯೊಂದರ ಹೆಂಚಿನ ಅಂಚಿಗೆ ದೃಷ್ಟಿ ಹಿಡಿದು, ಕೊಳವೆಯನ್ನು ಬೆರಳಿನಿಂದ ಒಮ್ಮೆ ತಟ್ಟಿದೆ. ಚಿತ್ರ ನಡುಗಿ ನಿಲ್ಲುವುದಕ್ಕೆ ಎಷ್ಟು ಸೆಕೆಂಡು ಬೇಕೆಂದು ಎಣಿಸಬೇಕು. ಮೂರರೊಳಗೆ ನಿಂತರೆ ಉತ್ತಮ. ಐದು ಆರಕ್ಕೆ ಹೋದರೆ, ಗಾಜು ಎಷ್ಟೇ ಒಳ್ಳೆಯದಿದ್ದರೂ, ಮಕ್ಕಳು ಏನನ್ನೂ ಕಾಣಲಾರರು. ಇಲ್ಲಿ ಐದಾಯಿತು. ಕಾಲುಗಳ ತಿರುಪುಗಳನ್ನು ಬಿಗಿಗೊಳಿಸಿ, ನಡುವೆ ಮರಳಿನ ಚೀಲವೊಂದನ್ನು ತೂಗಹಾಕಿದರೆ ಮೂರಕ್ಕೆ ಇಳಿಯುವುದೆಂಬ ಲೆಕ್ಕಾಚಾರ ನನ್ನದಾಗಿತ್ತು, ಹಾಗೆಯೇ ಆಯಿತು.

“ಇಷ್ಟು ನೋಡಿ ತೆಗೆದುಕೊಳ್ಳುವವರನ್ನು ನಾನು ಕಂಡದ್ದಿಲ್ಲ ಮಾಷ್ಟ್ರೇ, ನಮ್ಮವರು ಇದನ್ನು ಕೊಳ್ಳುವಾಗಲೂ ಇಷ್ಟು ನೋಡಿರಲಿಕ್ಕಿಲ್ಲ” ಎಂದು ಆ ತಾಯಿ ನಕ್ಕರು. ಶಾಲೆಯ ಮಕ್ಕಳಿಗೆಂದು ಕೇಳಿ ಬೆಲೆಯನ್ನು ಅವರೇ ಇಳಿಸಿ ಆರೂವರೆ ಸಾವಿರ ರೂಪಾಯಿಗೆ ಕೊಟ್ಟರು.

ಪೆಟ್ಟಿಗೆಯೊಳಗಿನ ಅಪಾಯ

ಮರದ ಪೆಟ್ಟಿಗೆಯಲ್ಲಿ ಮೂರು ನೇತ್ರಮಸೂರಗಳು, ದೃಷ್ಟಿಯನ್ನು ಅಡ್ಡಕ್ಕೆ ತಿರುಗಿಸುವ ಒಂದು ಪಟ್ಟಕ, ಇವುಗಳ ಜೊತೆಗೆ ಹೆಬ್ಬೆರಳ ಉಗುರಿನಷ್ಟೇ ಗಾತ್ರದ, ಕಡುಹಸಿರು ಬಣ್ಣದ ಒಂದು ಗಾಜು ಇತ್ತು. ಅದರ ಲೋಹದ ಬಳೆಯ ಮೇಲೆ ‘ಸನ್’ ಎಂದು ಇಂಗ್ಲಿಷಿನಲ್ಲಿ ಕೆತ್ತಿತ್ತು. ಈ ಲೇಖನದಲ್ಲಿ ಬೇರೆಲ್ಲವನ್ನು ಮರೆತರೂ ವಾಚಕರು ಇದೊಂದನ್ನು ನೆನಪಿಡಬೇಕೆಂದು ಕೈಮುಗಿದು ಕೇಳುತ್ತೇನೆ.

ಈ ಗಾಜನ್ನು ನೇತ್ರಮಸೂರಕ್ಕೆ ತಿರುಪಿ ಸೂರ್ಯನನ್ನೇ ನೇರವಾಗಿ ನೋಡಬಹುದೆಂದು ಅಂದಿನ ತಯಾರಕರು ಭಾವಿಸಿದ್ದರು. 910 ಮಿಲಿಮೀಟರ್ ಸಂಗಮ ದೂರದ ಮಸೂರ ಮೂಡಿಸುವ ಸೂರ್ಯಬಿಂಬದ ವ್ಯಾಸ ಸುಮಾರು ಎಂಟೂವರೆ ಮಿಲಿಮೀಟರ್. 60 ಮಿಲಿಮೀಟರ್ ಅಗಲದ ಬಿಸಿಲೆಲ್ಲ ಆ ಪುಟ್ಟ ಬಿಂಬದಲ್ಲಿ ಕೂಡುವುದರಿಂದ ಅಲ್ಲಿನ ತಾಪ ಬರಿಯ ಬಿಸಿಲಿನ ಸುಮಾರು 50 ಪಟ್ಟು. ಕಪ್ಪು ಗಾಜು ಕುಳಿತಿರುವುದು ಸರಿಯಾಗಿ ಅದರ ಸಮೀಪದಲ್ಲಿಯೇ. ಅದು ಕಾದು ಯಾವ ಕ್ಷಣದಲ್ಲಿ ಬೇಕಾದರೂ ಬಿರಿಯಬಹುದು. ಬಿರಿದೊಡನೆ ಆ ಬೆಳಕೆಲ್ಲ ಕಣ್ಣಿನ ಅಕ್ಷಿಪಟಕ್ಕೆ. ಅಕ್ಷಿಪಟಕ್ಕೆ ನೋವನ್ನು ತಿಳಿಸುವ ನರಗಳಿಲ್ಲ. ಮಗು ಚೀರುವುದಿಲ್ಲ, ಕಣ್ಣು ಹಿಂದೆಗೆಯುವುದೂ ತಡವಾಗುತ್ತದೆ, ಹಾನಿಯಾದುದು ಕೆಲವು ಗಂಟೆಗಳ ಬಳಿಕವಷ್ಟೇ ಗೊತ್ತಾಗುವುದುಂಟು.

ಮಂಗಳೂರಿನಿಂದ ಮರಳಿದ ಸಂಜೆಯೇ ಆ ಗಾಜನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಪುಡಿಮಾಡಿ ಹೂತುಬಿಟ್ಟೆ. ಪೆಟ್ಟಿಗೆಯಿಂದ ತೆಗೆದು ಬೇರೆ ಕಡೆ ಇಟ್ಟರೆ ಸಾಲದು. ‘ಸನ್’ ಎಂದು ಬರೆದುದನ್ನು ಓದಬಲ್ಲ ಜಾಣ ಹುಡುಗ ಯಾವತ್ತಾದರೂ ಅದನ್ನು ಹುಡುಕಿ ತಂದಾನು. ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿಯೂ ಇದು ಇರಬಹುದು. ಇಂದೇ ನೋಡಿರಿ. ‘ಮೂನ್’ ಎಂದು ಬರೆದ ಇನ್ನೊಂದು ಗಾಜು ಇದ್ದರೆ ಅದು ನಿರಪಾಯಕರ. ಚಂದ್ರನ ಪ್ರಭೆಯನ್ನು ತಗ್ಗಿಸುವುದಕ್ಕಾಗಿ ಮಾತ್ರ. ಎರಡನ್ನು ಅದಲುಬದಲು ಮಾಡಿಕೊಂಡರೆ ಮಾತ್ರ ಅನರ್ಥ.

ಹಗಲಿನ ಪರೀಕ್ಷೆ, ರಾತ್ರಿಯ ಪರೀಕ್ಷೆ

ನವರಾತ್ರಿಯ ರಜೆಯ ದಿನಗಳು. ಮನೆಯ ಹಿಂದಿನ ಪದವಿನ ಮೇಲೆ ಮುಕ್ಕಾಲಿ ಊರಿದಾಗ ನೆರೆಕರೆಯ ಏಳೆಂಟು ಮಕ್ಕಳು ಕೂಡಿದ್ದರು. ದೂರದ ತೆಂಗಿನ ತೋಟದ ಕಡೆ ತಿರುಗಿಸಿ ನೋಡಿರೆಂದೆ. “ಮಾಷ್ಟ್ರೇ, ಮರ ತಲೆಕೆಳಗೆ ನೇತಾಡ್ತಾ ಉಂಟು!” ಎಂಬ ಕೂಗು ಎದ್ದಿತು. ವಸ್ತುಮಸೂರ ಮೂಡಿಸಿದ ತಲೆಕೆಳಗಾದ ಬಿಂಬವನ್ನು ನೇತ್ರಮಸೂರ ಹಿಗ್ಗಿಸುತ್ತದೆಯೇ ಹೊರತು ನೆಟ್ಟಗೆ ಮಾಡುವುದಿಲ್ಲ. 1611ರಲ್ಲಿ ಕೆಪ್ಲರ್ ವಿವರಿಸಿದ ರಚನೆಯೇ ಇದು. ಆಕಾಶದಲ್ಲಿ ಮೇಲು ಕೆಳಗೆಂಬುದಿಲ್ಲವಾದುದರಿಂದ ಖಗೋಳ ವೀಕ್ಷಕರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಳ್ಳಗಿನ ಆಕಾಶದ ಎದುರು ತೆಂಗಿನ ಗರಿಯ ಅಂಚನ್ನು ಪರಿಶೀಲಿಸಬೇಕು. ನೇರಳೆ ಛಾಯೆ ನವಿರಾಗಿ ಕಂಡರೆ ಸಹಜ. ದಪ್ಪ ಪಟ್ಟಿಯಾಗಿ ಕಂಡರೆ ಮಸೂರದಲ್ಲಿ ದೋಷವಿದೆ. ಹಿಂದಿನವರು ಯಾರೋ ಮಸೂರಗಳನ್ನು ಬಿಚ್ಚಿ ತೊಳೆದು ಹಿಂದುಮುಂದಾಗಿ ಕೂಡಿಸಿದ್ದರೂ ಚಿತ್ರ ಮಂಕಾಗುತ್ತದೆ. ಎರಡು ಗಾಜುಗಳ ನಡುವೆ ಅಂಚಿನಲ್ಲಿ ಮೂರು ಕಡೆ ತೆಳುವಾದ ತಗಡಿನ ತುಣುಕುಗಳಿರುತ್ತವೆ. ಅವು ಉದುರಿಹೋದರೂ ಹೀಗೆಯೇ. ಬಿಚ್ಚಲೇಬೇಕಾಗಿ ಬಂದರೆ ಮೊದಲು ಎರಡೂ ಗಾಜುಗಳ ಅಂಚಿನ ಮೇಲೆ ಪೆನ್ಸಿಲಿನಿಂದ ಒಂದು ಓರೆಗೆರೆ ಎಳೆದುಕೊಂಡಿರಬೇಕು.

ರಾತ್ರಿಯ ಪರೀಕ್ಷೆಗೆ ಒಂದು ಪ್ರಕಾಶಮಾನವಾದ ನಕ್ಷತ್ರ ಸಾಕು. ಇಂಗ್ಲಿಷ್ ಪುಸ್ತಕಗಳು ಅಲ್ಲಾಡದೆ ನಿಲ್ಲುವ ಧ್ರುವ ನಕ್ಷತ್ರವನ್ನು ಸೂಚಿಸುತ್ತವೆ. ನಮಗೆ ಅದು ಒಪ್ಪುವುದಿಲ್ಲ. ಕಾಸರಗೋಡಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ. ಧ್ರುವನೂ ದಿಗಂತದಿಂದ ಸುಮಾರು ಅಷ್ಟೇ ಎತ್ತರ. ಅಲ್ಲಿನ ಮಬ್ಬಿನಲ್ಲಿ ಅವನು ಸದಾ ತತ್ತರಿಸುತ್ತಿರುತ್ತಾನೆ. ನೆತ್ತಿಗೆ ಹತ್ತಿರದ ನಕ್ಷತ್ರವನ್ನು ಆರಿಸಿರಿ: ಅಕ್ಟೋಬರಿನ ಸಂಜೆ ಶ್ರವಣ, ಮಾರ್ಚಿನಲ್ಲಿ ಪುನರ್ವಸು, ಮೇ ತಿಂಗಳಲ್ಲಿ ಸ್ವಾತಿ. ನಕ್ಷತ್ರವನ್ನು ಸ್ಪಷ್ಟ ಬಿಂದುವಾಗಿ ಮಾಡಿ, ಗುಬುಟನ್ನು ಒಂದಿಷ್ಟು ಒಳಕ್ಕೂ ಬಳಿಕ ಅಷ್ಟೇ ಹೊರಕ್ಕೂ ತಿರುಗಿಸಬೇಕು. ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳಂತೆ ಏಕಕೇಂದ್ರ ವೃತ್ತಗಳು ತೋರುತ್ತವೆ. ಎರಡೂ ಕಡೆ ಅವು ಒಂದೇ ತೆರನಾಗಿ, ದುಂಡಾಗಿದ್ದರೆ ಮಸೂರ ಉತ್ತಮ. ಒಂದು ಪಕ್ಕಕ್ಕೆ ಸರಿದಿದ್ದರೆ ಮಸೂರ ಓರೆಯಾಗಿ ಕುಳಿತಿದೆ ಎಂದರ್ಥ. ಒಳಗೆ ಹೋದಾಗ ಒಂದು ದಿಕ್ಕಿಗೂ ಹೊರಗೆ ಬಂದಾಗ ಅದಕ್ಕೆ ಅಡ್ಡಲಾಗಿಯೂ ಮೊಟ್ಟೆಯಾಕಾರ ತಳೆದರೆ ಗಾಜಿನಲ್ಲಿಯೇ ಕೊರತೆ. ನನ್ನದರಲ್ಲಿ ವೃತ್ತಗಳು ಕೊಂಚ ಪಕ್ಕಕ್ಕೆ ಸರಿದಿದ್ದುವು. ಮಸೂರದ ಬಳೆ ಸಡಿಲವಾಗಿತ್ತು. ಅದನ್ನು ಬಿಗಿಗೊಳಿಸಿದ ಮೇಲೆ ದುಂಡಗಾದುವು.

ಅಂದು ಸಂಜೆ ಮಕ್ಕಳು ಮೊದಲು ನೋಡಿದ್ದು ಅಷ್ಟಮಿಯ ಚಂದ್ರನನ್ನು. ಬೆಳಕು ಕತ್ತಲೆಗಳ ಗಡಿಯಲ್ಲಿ ಬೆಟ್ಟಗಳ ನೆರಳು ಉದ್ದವಾಗಿ ಬೀಳುವುದರಿಂದ ಹುಣ್ಣಿಮೆಗಿಂತ ಅಷ್ಟಮಿ ಮೇಲು. ಬಳಿಕ ನೈರುತ್ಯದಲ್ಲಿ ಧನು ರಾಶಿಯಲ್ಲಿದ್ದ ಶನಿ. ಆ ವರ್ಷ ಉಂಗುರ ಅಗಲವಾಗಿ ತೆರೆದಿತ್ತು. 45 ಪಟ್ಟು ವರ್ಧನದಲ್ಲಿ ಅದು ಹೆಸರುಕಾಳಿನಷ್ಟೇ, ಆದರೂ ಉಂಗುರವೆಂಬುದರಲ್ಲಿ ಸಂದೇಹವಿಲ್ಲ. ಪಕ್ಕದಲ್ಲಿ ಟೈಟನ್ ಎಂಬ ಉಪಗ್ರಹದ ಚುಕ್ಕೆ.

ಇಲ್ಲಿ ಒಂದು ಚರಿತ್ರೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. 1610ರಲ್ಲಿ ಗೆಲಿಲಿಯೋ ಶನಿಯನ್ನು ನೋಡಿ ಅದು ಮೂರು ಗೋಲಗಳ ಕೂಟವೆಂದು ತಿಳಿದ. ಅದು ಉಂಗುರವೆಂದು ಗುರುತಿಸಿದವನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗನ್ಸ್. 1655ರ ಮಾರ್ಚಿನಲ್ಲಿ ಅವನು ಟೈಟನ್ನನ್ನು ಕಂಡುಹಿಡಿದ ದೂರದರ್ಶಕದ ವ್ಯಾಸ ಸುಮಾರು 57 ಮಿಲಿಮೀಟರ್, ವರ್ಧನ ಸುಮಾರು 50 ಪಟ್ಟು. ನಮ್ಮ ಪದವಿನ ಮೇಲೆ ನಿಂತಿದ್ದ ಹಳೆಯ ಜಪಾನಿ ಕೊಳವೆಗೆ ಅದಕ್ಕಿಂತ ಮೂರು ಮಿಲಿಮೀಟರ್ ಹೆಚ್ಚೇ! ಅದರ ನೇತ್ರಮಸೂರದ ಮೇಲೆ ಕೆತ್ತಿರುವ ‘ಎಚ್’ ಎಂಬ ಅಕ್ಷರ ಇದೇ ಹೈಗನ್ಸನ ಹೆಸರಿನ ಮೊದಲಕ್ಷರ. ಎರಡು ಪೀನ ಮಸೂರಗಳನ್ನು ದೂರದಲ್ಲಿಟ್ಟು ರಚಿಸುವ ಆ ಮಾದರಿ ಅವನದೇ. ಏಳನೆಯ ತರಗತಿಯ ಒಬ್ಬಳು ಹುಡುಗಿ ಇದನ್ನು ಕೇಳಿ ಮತ್ತೊಮ್ಮೆ ಹೋಗಿ ಆ ಅಕ್ಷರವನ್ನು ಟಾರ್ಚು ಹಾಕಿ ಓದಿಬಂದಳು.

ವರ್ಧನದ ಭ್ರಮೆ

ಹಳೆಯ ಪೆಟ್ಟಿಗೆಗಳ ಮೇಲೆ ‘228 ಪಟ್ಟು’, ‘450 ಪಟ್ಟು’ ಎಂದು ದಪ್ಪಕ್ಷರಗಳಲ್ಲಿ ಬರೆದಿರುತ್ತದೆ. ವಸ್ತುಮಸೂರದ ಸಂಗಮ ದೂರವನ್ನು ನೇತ್ರಮಸೂರದ ಸಂಗಮ ದೂರದಿಂದ ಭಾಗಿಸಿದರೆ ಬರುವುದೇ ವರ್ಧನ. 910ನ್ನು 20ರಿಂದ ಭಾಗಿಸಿದರೆ 45, 12.5ರಿಂದ ಭಾಗಿಸಿದರೆ 73. 4ರಿಂದ ಭಾಗಿಸಿದರೆ 228. ಲೆಕ್ಕವೇನೋ ಸರಿ. ಆದರೆ ಮಸೂರದ ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟಿಗಿಂತ ಆಚೆ ಹೋದರೆ ಹೊಸದೇನೂ ಕಾಣುವುದಿಲ್ಲ. ಹಾಲಿಗೆ ನೀರು ಬೆರೆಸಿದಂತೆ ಚಿತ್ರ ದೊಡ್ಡದಾಗುತ್ತಲೇ ತೆಳ್ಳಗಾಗುತ್ತದೆ. 60 ಮಿಲಿಮೀಟರಿಗೆ 120 ಪಟ್ಟೇ ಮೇರೆ. ಆದುದರಿಂದ 4 ಮಿಲಿಮೀಟರಿನ ಆ ನೇತ್ರಮಸೂರವನ್ನು ಪೆಟ್ಟಿಗೆಯಲ್ಲಿಯೇ ಬಿಡಿರಿ. ನಮ್ಮಂತಹ ವಯಸ್ಸಾದವರಿಗಂತೂ ಅದರಲ್ಲಿ ಗ್ರಹಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣೊಳಗೆ ತೇಲುವ ಎಳೆಗಳೇ ಕಾಣುತ್ತವೆ.

60 ಮಿಲಿಮೀಟರಿನ ಒಳ್ಳೆಯ ಮಸೂರ ಬೇರ್ಪಡಿಸಿ ತೋರಬಲ್ಲ ಅತಿ ಕಿರಿದಾದ ಅಂತರ ಸುಮಾರು ಎರಡು ವಿಕಲೆ. ಒಂದು ವಿಕಲೆಯೆಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು. 25 ಮಿಲಿಮೀಟರ್ ಅಗಲದ ನಾಣ್ಯವನ್ನು ಎರಡೂವರೆ ಕಿಲೋಮೀಟರಿಗೂ ತುಸು ಆಚೆ ಹಿಡಿದರೆ ಅದರ ಅಗಲ ಎರಡು ವಿಕಲೆ. ಇದನ್ನು ಪರೀಕ್ಷಿಸಲು ಜೋಡಿ ನಕ್ಷತ್ರಗಳಿವೆ. ಹಂಸ ಪುಂಜದ ಕೊಕ್ಕಿನಲ್ಲಿರುವ ಆಲ್ಬಿರಿಯೋ ಸುಲಭವಾದುದು, ಅಂತರ ಸುಮಾರು 35 ವಿಕಲೆ: ಒಂದು ಹೊಂಬಣ್ಣ, ಇನ್ನೊಂದು ನೀಲಿ. ನನ್ನ ಬಲಗಣ್ಣಿನ ಪೊರೆ ಆ ವೇಳೆಗೆ ತೆಗೆದಾಗಿತ್ತು, ಎಡಗಣ್ಣಿನದು ಹಾಗೆಯೇ ಇತ್ತು. ಬಲಗಣ್ಣಿಗೆ ಅಚ್ಚ ನೀಲಿಯಾಗಿ ಕಂಡ ನಕ್ಷತ್ರ ಎಡಗಣ್ಣಿಗೆ ಬರಿಯ ಬಿಳಿ. ಕಣ್ಣಿನ ಮಸೂರವೂ ಹಳೆಯ ಗಾಜೇ, ಹಳದಿಗಟ್ಟುತ್ತದೆ. ಪುನರ್ವಸುವಿನ ಎರಡು ನಕ್ಷತ್ರಗಳಲ್ಲಿ ಉತ್ತರದ್ದಾದ ಕ್ಯಾಸ್ಟರ್ ಕಠಿಣತರ. ಐದಾರು ವಿಕಲೆಗಳ ಅಂತರದ ಅದು 73 ಪಟ್ಟಿನಲ್ಲಿ ಎರಡಾಗಿ ಸೀಳಿ ಕಂಡರೆ ಉಪಕರಣ ತೇರ್ಗಡೆಯಾಯಿತೆಂದು ತಿಳಿಯಬಹುದು.

ಉತ್ತರದ ದೇಶಗಳವರಿಗೆ ಇಲ್ಲದ ಒಂದು ಭಾಗ್ಯ ನಮಗಿದೆ. ಮೇ ತಿಂಗಳ ರಾತ್ರಿ ಹತ್ತರ ಬಳಿಕ ದಕ್ಷಿಣ ದಿಗಂತದ ಮೇಲೆ, ತ್ರಿಶಂಕುವಿನ ಎಡಕ್ಕೆ, ಆಲ್ಫಾ ಸೆಂಟಾರಿ ಏರುತ್ತದೆ. ಅದು ಜೋಡಿ ನಕ್ಷತ್ರವೆಂಬುದನ್ನು ಮೊದಲು ಕಂಡದ್ದು ನಮ್ಮ ದಕ್ಷಿಣ ಭಾರತದಲ್ಲಿಯೇ: 1689ರ ಡಿಸೆಂಬರಿನಲ್ಲಿ ಪುದುಚೇರಿಯಿಂದ ಧೂಮಕೇತುವೊಂದನ್ನು ನೋಡುತ್ತಿದ್ದ ಫಾದರ್ ರಿಶೋ ಎಂಬ ಜೆಸ್ವಿಟ್ ಪಾದ್ರಿ. ಆ ಎರಡು ನಕ್ಷತ್ರಗಳು ಸುಮಾರು 80 ವರ್ಷಗಳಿಗೊಮ್ಮೆ ಒಂದನ್ನೊಂದು ಸುತ್ತುತ್ತವೆ. 2016ರ ಸುಮಾರಿಗೆ ತೀರ ಹತ್ತಿರ ಬಂದಿದ್ದ ಅವು ಈಗ ದೂರವಾಗುತ್ತಿರುವುದರಿಂದ ವರ್ಷದಿಂದ ವರ್ಷಕ್ಕೆ ನೋಡಲು ಸುಲಭ. 2019ರ ಮೇ ತಿಂಗಳಲ್ಲಿ ನಮ್ಮ ಕೊಳವೆಯಲ್ಲಿ ಎರಡೂ ಕಂಡುವು, ದಿಗಂತದ ಮಬ್ಬಿನಲ್ಲಿ ಕುದಿಯುವ ನೀರಿನ ತಳದ ಅಕ್ಕಿಕಾಳುಗಳಂತೆ.

ಕಂಕಣಗ್ರಹಣದ ಬೆಳಿಗ್ಗೆ

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋದುದು ಹಲವರಿಗೆ ನೆನಪಿರಬಹುದು. ಚೆರುವತ್ತೂರಿಗೆ ದೂರದೂರದಿಂದ ಜನ ಬಂದಿದ್ದರು. ನಾವು ಶಾಲೆಯ ಅಂಗಳದಲ್ಲಿ ದೂರದರ್ಶಕವನ್ನು ನಿಲ್ಲಿಸಿದೆವು. ನೋಡುವುದಕ್ಕಲ್ಲ, ಬಿಂಬವನ್ನು ಬೀಳಿಸುವುದಕ್ಕೆ. ನೇತ್ರಮಸೂರದಿಂದ 30 ಸೆಂಟಿಮೀಟರ್ ಹಿಂದೆ ಬಿಳಿಯ ರಟ್ಟು ಹಿಡಿದರೆ ಅದರ ಮೇಲೆ 12 ಸೆಂಟಿಮೀಟರಿಗೂ ಮೀರಿದ ಸೂರ್ಯಬಿಂಬ ಮೂಡುತ್ತದೆ. ಈ ಕೆಲಸಕ್ಕೆ ಹೈಗನ್ಸನ ಮಾದರಿಯೇ ಯೋಗ್ಯ. ಅದರಲ್ಲಿ ಅಂಟು ಇಲ್ಲದಿರುವುದರಿಂದ ಶಾಖಕ್ಕೆ ಕರಗುವ ಭಯವಿಲ್ಲ. ಗುರಿಹಿಡಿಯುವ ಚಿಕ್ಕ ದೂರದರ್ಶಕದ ಬಾಯಿಗೆ ಬಟ್ಟೆ ಕಟ್ಟಿದ್ದೆವು. ಇಬ್ಬರು ಅಧ್ಯಾಪಕರು ಕೊಳವೆಯ ಬಳಿಯಿಂದ ಕದಲಕೂಡದೆಂದು ಮೊದಲೇ ನಿಶ್ಚಯವಾಗಿತ್ತು. ಬೆಳಿಗ್ಗೆ 9 ಗಂಟೆ 25 ನಿಮಿಷದ ಸುಮಾರಿಗೆ ರಟ್ಟಿನ ಮೇಲೆ ಎರಡೇ ಮಿಲಿಮೀಟರ್ ದಪ್ಪದ ಬಂಗಾರದ ಬಳೆ ಕೂಡಿಕೊಂಡಿತು, ಎರಡು ಮೂರು ನಿಮಿಷ ನಿಂತಿತು. ಬಿಸಿಲು ಬೆಳದಿಂಗಳಂತಾಗಿ, ಪಕ್ಕದ ಮನೆಯ ಕೋಳಿಗಳು ಗೂಡಿನ ಕಡೆ ನಡೆದುವು. ಮಕ್ಕಳು ಗ್ರಹಣದ ಕಡೆಗೆ ಬೆನ್ನು ಹಾಕಿ, ರಟ್ಟಿನ ಸುತ್ತ ನಿಂತು ಗ್ರಹಣವನ್ನು ನೋಡಿದರು. ಆರತಿ ತಟ್ಟೆಯಲ್ಲಿ ನೀರು ತುಂಬಿ ಒನಕೆ ನಿಲ್ಲಿಸುತ್ತಿದ್ದ ಅಜ್ಜಿಯೊಬ್ಬರು ಬಂದು ನೋಡಿ, ತಟ್ಟೆಯ ನೀರಿನಲ್ಲಿ ಕಾಣುವುದಕ್ಕಿಂತ ಇದು ಚೊಕ್ಕ ಎಂದು ಒಪ್ಪಿಕೊಂಡದ್ದು ನಮಗೆ ದೊಡ್ಡ ಪ್ರಶಸ್ತಿಪತ್ರ.

2031ರ ಮೇ 21ರಂದು ಇನ್ನೊಂದು ಕಂಕಣಗ್ರಹಣದ ಪಥ ಕೇರಳದ ದಕ್ಷಿಣದ ಜಿಲ್ಲೆಗಳನ್ನು ದಾಟಲಿದೆ. ನಮ್ಮಲ್ಲಿ ಅದು ಪಾರ್ಶ್ವಗ್ರಹಣ. ಆಗಲೂ ಕ್ರಮ ಇದುವೇ.

ಮಳೆಗಾಲದ ಕಾವಲು

ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮಗೆ ಆಕಾಶವೇ ಇಲ್ಲ. ಕೊಂಡವರು ಸೋಲುವುದು ಈ ನಾಲ್ಕು ತಿಂಗಳುಗಳಲ್ಲಿಯೇ. ಚರ್ಮದ ಚೀಲದಲ್ಲಿಯಾಗಲಿ, ಮಖಮಲ್ಲು ಹೊದೆಸಿದ ಪೆಟ್ಟಿಗೆಯಲ್ಲಿಯಾಗಲಿ ಮಸೂರಗಳನ್ನು ಮುಚ್ಚಿಡಬಾರದು. ಅವು ತೇವವನ್ನು ಹೀರಿ ಬೂಷ್ಟಿಗೆ ತವರುಮನೆಯಾಗುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಚೀಟಿಗಳನ್ನಿಟ್ಟು, ತಿಂಗಳಿಗೊಮ್ಮೆ ಅವನ್ನು ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು. ಗಾಜಿನ ಮೇಲೆ ಧೂಳು ಕುಳಿತರೆ ರಬ್ಬರಿನ ಬುರುಡೆಯಿಂದ ಊದಿ, ಮೃದುವಾದ ಕುಂಚದಿಂದ ಸವರಿದರೆ ಸಾಕು. ಪಂಚೆಯ ಸೆರಗಿನಿಂದ ಒರಸುವ ಚಾಳಿಯುಳ್ಳವರನ್ನು, ಅವರು ಎಷ್ಟೇ ಹಿರಿಯರಾಗಿರಲಿ, ಹತ್ತಿರ ಬಿಡಬಾರದು.

ಈ ದೂರದರ್ಶಕವನ್ನು ಮಹೋತ್ಸವದ ದಿನ ಶಾಲೆಗೆ ಒಪ್ಪಿಸುತ್ತಿದ್ದೇನೆ. ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಮಕ್ಕಳು ಕನ್ನಡದಲ್ಲಿ ಭಾಗಗಳ ಹೆಸರನ್ನು ಬರೆದು ಅಂಟಿಸಿದ್ದಾರೆ: ವಸ್ತುಮಸೂರ, ನೇತ್ರಮಸೂರ, ಪಟ್ಟಕ, ಗುಬುಟು. ಹಳೆ ವಿದ್ಯಾರ್ಥಿಗಳು ಹಣ ಕೂಡಿಸಿದರೆ ಮೊದಲು ಬೇಕಾದುದು ಇನ್ನೊಂದು ಕೊಳವೆಯಲ್ಲ, ಇದಕ್ಕೊಂದು ಭದ್ರವಾದ ಮುಕ್ಕಾಲಿ. ಎರಡನೆಯದಾಗಿ, ಇದರ ನೇತ್ರಮಸೂರಗಳ ಕತ್ತು 24.5 ಮಿಲಿಮೀಟರಿನದು, ಈಗಿನವು 31.75ರವು, ಹೊಸತನ್ನು ಹಳೆಯದಕ್ಕೆ ಕೂಡಿಸುವ ಒಂದು ಬಳೆಯೂ, 25 ಮಿಲಿಮೀಟರ್ ಸಂಗಮ ದೂರದ ಒಂದು ಹೊಸ ನೇತ್ರಮಸೂರವೂ ಬೇಕು. ಶನಿಯ ಉಂಗುರ 2025ರ ಮಾರ್ಚಿನಲ್ಲಿ ನಮ್ಮ ಕಡೆಗೆ ಅಂಚನ್ನು ತಿರುಗಿಸಿ ಗೆರೆಯಷ್ಟೇ ಆಗಿತ್ತು. ಇನ್ನು ಮೇಲೆ ಅದು ವರ್ಷ ವರ್ಷ ತೆರೆಯುತ್ತಾ ಹೋಗಿ 2032ರ ಸುಮಾರಿಗೆ ಮತ್ತೆ ಪೂರ್ಣ ಅಗಲಕ್ಕೆ ಬರುತ್ತದೆ. ನವೆಂಬರಿನಿಂದ ಮಾರ್ಚಿನವರೆಗೆ ಪ್ರತಿ ಶುಕ್ಲಪಕ್ಷದ ಅಷ್ಟಮಿಯಂದು ಸಂಜೆ ಏಳಕ್ಕೆ, ಮೋಡವಿಲ್ಲದಿದ್ದರೆ, ಶಾಲೆಯ ಅಂಗಳದಲ್ಲಿ ಅದನ್ನು ನಿಲ್ಲಿಸುವುದೆಂದು ವಿಜ್ಞಾನದ ಅಧ್ಯಾಪಕರು ಒಪ್ಪಿದ್ದಾರೆ. ಮಕ್ಕಳೊಡನೆ ಮನೆಯ ಹಿರಿಯರೂ ಬರಬಹುದು. ಕನ್ನಡಕವುಳ್ಳವರು ಅದನ್ನು ತೆಗೆದು ನೋಡಿದರೆ ಅನುಕೂಲ. ಗುಬುಟನ್ನು ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸಿಕೊಡಲು ಮಕ್ಕಳು ಕಲಿತಿದ್ದಾರೆ.